ಆರೋಗ್ಯಪ್ಪನ ಪಡಖಾನೆಯ ಹೊಸ್ತಿಲು

ನನ್ನ ಎರಡು ಪಾದಗಳ ಬಣ್ಣ ಬೇರೆ ಬೇರೆ. ಎಡಗಾಲು ನೆರಳಲ್ಲಿ ಬೆಳೆದ ಮೊಳಕೆಯ ಹಾಗೆ ಬಿಳಿಚಿಕೊಂಡಿದೆ. ಬಲಗಾಲು ಬಿಸಿಲಿಗೆ ಸುಟ್ಟು ಕಪ್ಪಾಗಿ ಹಿಮ್ಮಡಿ ಒಡೆದಿದೆ. ನಮ್ಮ ಊರಿನಲ್ಲಿ ಇಂಥ ಪಾದಗಳನ್ನು ಕಂಡವರು ಏನಾಯಿತೆಂದು ಕೇಳುವುದಿಲ್ಲ. ಪಡಖಾನೆಯ ಹೊಸ್ತಿಲಲ್ಲಿ ಕೂತು ಸಂಸಾರ ಸಾಗಿಸಿದವಳು ಎಂದು ತಿಳಿದುಕೊಂಡು ಬಸ್ಸಿನಲ್ಲಿ ಜಾಗ ಬಿಡುತ್ತಾರೆ.

ಬೇರೆ ಊರುಗಳಲ್ಲಿ ಹೊಸ್ತಿಲ ಮೇಲೆ ಕೂತ ಹೆಣ್ಣುಮಕ್ಕಳನ್ನು ಬೈದು ಎಬ್ಬಿಸುತ್ತಾರಂತೆ. ನಮ್ಮಲ್ಲಿ ಕೂರುವುದನ್ನು ಕಲಿಸುತ್ತಾರೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಬೆನ್ನು ಬಾಗಿಲ ಚೌಕಟ್ಟಿಗೆ. ಗಿರಾಕಿಗಳು ಪಕ್ಕದಿಂದ ದಾಟಿಕೊಂಡು ಹೋಗಿ ಬರುತ್ತಾರೆ. ಒಳಗೆ ಕುಡಿಯುವವರು ಇರುವಷ್ಟು ಹೊತ್ತು ಏಳುವ ಹಾಗಿಲ್ಲ. ಬದಲಿಗೆ ಬಂದವಳು ಒತ್ತಿಕೊಂಡು ಕೂತು, ಅವಳ ಎರಡೂ ಪಾದ ನೆಲ ಮುಟ್ಟಿದ ಮೇಲೆಯೇ ಮೊದಲಿನವಳು ಏಳಬೇಕು. ಎಲ್ಲರೂ ಹೋದ ಮೇಲೆ ಬೀಗ ಹಾಕಿದರೆ ಏನೂ ಆಗುವುದಿಲ್ಲ. ಒಳಗೆ ಜನರಿದ್ದು ಹೊಸ್ತಿಲು ಖಾಲಿಯಾದರೆ ಮಾತ್ರ ಪಡಖಾನೆ ಹೋಗುತ್ತದೆ, ಜನರ ಸಮೇತ.

ನನ್ನ ಅಜ್ಜಿಯ ಕಾಲಕ್ಕೆ ದಂಡಿನ ಪೇಟೆಯ ತುಂಬ ಪಡಖಾನೆಗಳಿದ್ದವು. ಗುಡ್ಡದ ಬುಡದಲ್ಲಿ ಬಿಯರ್ ಕಾರ್ಖಾನೆ. ಬೆಳಗಾದರೆ ನೆನೆದ ಬಾರ್ಲಿಯ ಹುಳಿವಾಸನೆ ಊರಿನ ಮೇಲೆ ಹರಡುತ್ತಿತ್ತು. ಪೀಪಾಯಿ ಹೊತ್ತ ಎತ್ತಿನ ಗಾಡಿಗಳು ಗಾಡಿಖಾನೆ ಬೀದಿಯ ಉದ್ದಕ್ಕೂ ನಿಲ್ಲುತ್ತಿದ್ದವು. ಸತ್ತ ಹದ್ದನ್ನು ಒಣಗಿಸಿ ಗೋಡೆಯ ಮೇಲೆ ಕೂರಿಸಿದ್ದ ಹದ್ದಿನ ಪಡಖಾನೆಯಲ್ಲಿ ಬ್ಯಾಂಡಿನವರು ಕುಡಿಯುತ್ತಿದ್ದರು. ಮೇರಿಬಾಯಿಯ ಮನೆಗೆ ಹುರಿದ ಹಂದಿಮಾಂಸ ತಿನ್ನುವುದಕ್ಕೆಂದೇ ಕುಡಿಯದವರೂ ಹೋಗುತ್ತಿದ್ದರಂತೆ. ಬಾವಿ ಪಡಖಾನೆಯ ನಡುಮನೆಯಲ್ಲೇ ಬಾವಿ. ಬಾಟಲಿಗಳನ್ನು ಬುಟ್ಟಿಯಲ್ಲಿಟ್ಟು ಕೆಳಗಿಳಿಸಿ ತಣ್ಣಗೆ ಮಾಡುತ್ತಿದ್ದರು. ಈ ಪಡಖಾನೆಗಳೆಲ್ಲ ಒಂದೊಂದಾಗಿ ಹೋದವು. ಹೋದ ಕಡೆ ಪಾಳುಗೋಡೆಯಾಗಲಿ ಖಾಲಿ ಜಾಗವಾಗಲಿ ಉಳಿಯುವುದಿಲ್ಲ. ಎಡಗಡೆಯ ಅಂಗಡಿಯೂ ಬಲಗಡೆಯ ಅಂಗಡಿಯೂ ಕಟ್ಟಿದಾಗಿನಿಂದ ಹಾಗೇ ಇದ್ದವೇನೋ ಎಂಬಂತೆ ಅಂಟಿಕೊಂಡಿರುತ್ತವೆ. ನಡುವಿನ ಬಾಗಿಲ ನಂಬರು ಹಾರಿಹೋಗಿರುತ್ತದೆ, ಅಂಚೆಯವನು ಅದಕ್ಕೂ ಒಗ್ಗಿಹೋಗಿದ್ದಾನೆ. ಗಾಡಿಖಾನೆ ಬೀದಿ ಈಗ ಎಷ್ಟು ಗಿಡ್ಡವಾಗಿದೆಯೆಂದರೆ, ಮದುವೆಯ ದಿಬ್ಬಣ ಹೊರಟರೆ ಬ್ಯಾಂಡಿನವರು ಒಂದು ಹಾಡು ಮುಗಿಸುವಷ್ಟರಲ್ಲಿ ಬೀದಿಯೇ ಮುಗಿದಿರುತ್ತದೆ. ಹಾಗೆ ಹೋದ ಪಡಖಾನೆಯ ಒಳಗಿದ್ದವರ ಹೆಂಡಂದಿರು ಕುಂಕುಮ ಅಳಿಸುವುದಿಲ್ಲ, ಇಡುವುದೂ ಇಲ್ಲ. ಹಣೆಗೆ ಸಾಸಿವೆಯಷ್ಟು ಕಪ್ಪು ಬೊಟ್ಟು ಇಟ್ಟುಕೊಳ್ಳುತ್ತಾರೆ.

ನನ್ನ ಹಣೆಯಲ್ಲೂ ಅದೇ ಇದೆ. ನನ್ನ ಗಂಡ ಓಬಳೇಶ ಬಾವಿ ಪಡಖಾನೆಯೊಂದಿಗೆ ಹೋದ. ಲಾರಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವನು ಬಡಗಿ. ಜಗಳಗಂಟನಲ್ಲ, ಹೆಚ್ಚು ಕುಡಿಯುವವನೂ ಅಲ್ಲ. ಆವತ್ತು ಅಲ್ಲಿ ಹೊಸ್ತಿಲಲ್ಲಿ ಕೂತಿದ್ದ ಮುದುಕಿ ಕೂತಲ್ಲೇ ಪ್ರಾಣ ಬಿಟ್ಟಳು. ಚೌಕಟ್ಟಿಗೆ ಒರಗಿಯೇ ಇದ್ದಿದ್ದರೆ ಏನಾಗುತ್ತಿತ್ತೋ. ಹೊರಕ್ಕೆ ವಾಲಿ ಬೀದಿಗೆ ಬಿದ್ದಳು. ದೀಪ ಹಚ್ಚುವ ಹೊತ್ತಿಗೆ ನಾನು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಅವನನ್ನು ಕರೆಯಲು ಹೋದಾಗ ಕ್ಷೌರದಂಗಡಿಯ ಗೋಡೆಗೂ ಕೊಡೆ ರಿಪೇರಿಯವನ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದಿರಲಿಲ್ಲ. ಮುದುಕಿಯ ಹೆಣ ಮಾತ್ರ ಬೀದಿಯಲ್ಲಿತ್ತು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಕೂಸು ಅಂಬೆಗಾಲಿಡುವ ಮೊದಲೇ ನಾನು ಆರೋಗ್ಯಪ್ಪನ ಪಡಖಾನೆಯಲ್ಲಿ ಕೂತೆ. ಬೇರೆ ಕೆಲಸ ಸಿಗುತ್ತಿರಲಿಲ್ಲವೆಂದಲ್ಲ. ಇನ್ನೊಬ್ಬಳು ಹೀಗೆ ಗೋಡೆಯ ಮುಂದೆ ನಿಲ್ಲುವುದು ಬೇಡ ಎಂದು ಅನ್ನಿಸಿತ್ತು. ಆರೋಗ್ಯಪ್ಪ ಒಳ್ಳೆಯ ಮನುಷ್ಯ. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು, ಮಾವನಿಂದ ಬಂದ ಪಡಖಾನೆಗೆ ಯಜಮಾನನಾಗಿದ್ದ. ಅಮೃತಶಿಲೆಯ ಹಲಗೆಯ ಮೇಜುಗಳು, ಗೋಡೆಯಲ್ಲಿ ಸಂತ ಅಂತೋನಿಯ ಪಟ, ಹಿಂದೆ ಖಾಲಿ ಕ್ರೇಟು ಪೇರಿಸುವ ಒಂದು ಕೋಣೆ, ಅದಕ್ಕೊಂದು ಹಸಿರು ಪರದೆ. ಇಷ್ಟೇ ಅವನ ಆಸ್ತಿ. ನನ್ನ ಬೆನ್ನಿಗೆ ದಿಂಬು ಹೊಲಿಸಿಕೊಟ್ಟಿದ್ದ. ಮಗಳು ಇಂದ್ರಾಣಿ ನನ್ನ ಹೊರಗಿನ ತೊಡೆಯ ಮೇಲೆ ಕೂತೇ ಅಕ್ಷರ ಕಲಿತಳು. ಒಳಗಿನ ತೊಡೆಯ ಮೇಲೆ ಅವಳನ್ನು ಎಂದೂ ಕೂರಿಸಲಿಲ್ಲ.

ಅವಳು ದೊಡ್ಡವಳಾಗುವಷ್ಟರಲ್ಲಿ ಉಳಿದವೆಲ್ಲ ಹೋಗಿ ಊರಿಗೆ ಆರೋಗ್ಯಪ್ಪನದೊಂದೇ ಪಡಖಾನೆ ಉಳಿಯಿತು. ಇಂದ್ರಾಣಿಯನ್ನು ಕುಬೇರನಿಗೆ ಕೊಟ್ಟೆ. ಅವನೂ ಲಾರಿ ಶೆಡ್ಡಿನವನೇ, ಬಣ್ಣ ಬಳಿಯುವವನು. ನಗುಮುಖದ ಹುಡುಗ, ಯಾವುದಕ್ಕೂ ಹೆದರದವನು. ಮದುವೆಯಾದ ಮೇಲೆ ವಾರಕ್ಕೊಂದು ಸಲ ನನ್ನ ಪಕ್ಕದಿಂದಲೇ ದಾಟಿಕೊಂಡು ಒಳಗೆ ಹೋಗುತ್ತಿದ್ದ. "ನೀವ್ ಕುಂತಿರೋವಾಗ ನಂಗೇನ್ ಭಯ ಅತ್ತೆ?" ಎನ್ನುತ್ತಿದ್ದ. ನಾನು ಬೈಯುತ್ತಿರಲಿಲ್ಲ. ಕುಡಿಯುವವರು ಕುಡಿಯುತ್ತಾರೆ, ನಾವು ಕೂರುತ್ತೇವೆ, ಅಷ್ಟೇ ಎಂದುಕೊಂಡಿದ್ದೆ.

ಆಮೇಲೆ ಪರದೆಯ ಹಿಂದಿನಿಂದ ಅವರು ಬರತೊಡಗಿದರು.

ಮೊದಲು ಬಂದವನು ಬೆಂಕಿಪೊಟ್ಟಣ ಕೇಳಲು ಬಂದ. ಮಟಮಟ ಮಧ್ಯಾಹ್ನ. ಒಳಗೆ ಹಿಟ್ಟಿನ ಗಿರಣಿಯ ಬಸಣ್ಣನೊಬ್ಬನೇ ಕೂತಿದ್ದ, ಹುಬ್ಬಿನ ಮೇಲೆಲ್ಲ ಹಿಟ್ಟು. ಹಸಿರು ಪರದೆ ಸರಿಸಿ ಒಬ್ಬ ಯುವಕ ಈಚೆ ಬಂದ. ಕ್ರೇಟಿನ ಕೋಣೆಗೆ ಬೇರೆ ಬಾಗಿಲಿಲ್ಲ. ನನ್ನನ್ನು ದಾಟದೆ ಯಾರೂ ಅಲ್ಲಿಗೆ ಹೋಗಲಾರರು. ಅವನ ಅಂಗಿಯ ಕಾಲರು ಆನೆಕಿವಿಯಷ್ಟು ಅಗಲ. ಈಗ ಯಾರೂ ತೊಡದಂಥ ಅಂಗಿ.

"ಆರೋಗ್ಯಣ್ಣ, ಬೆಂಕಿಪೊಟ್ಣ ಐತಾ?"

ಆರೋಗ್ಯಪ್ಪ ಕೊಟ್ಟ. ಅವನು ಬೀಡಿ ಹಚ್ಚಿ, "ಏನಣ್ಣ, ಇಷ್ಟ್ ಬೇಗ ತಲೆ ಬೆಳ್ಳಗಾಗೋಯ್ತು?" ಎಂದು ನಕ್ಕು, ಪರದೆಯ ಹಿಂದಕ್ಕೆ ಹೋದ.

ಆರೋಗ್ಯಪ್ಪ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ನನ್ನ ಕಡೆ ತಿರುಗಿದ. "ಮುನಿರತ್ನ ಕಣಮ್ಮ. ಹದ್ದಿನ ಪಡಖಾನೆ ಜೊತೆ ಹೋದೋನು. ನಾನೂ ಅವ್ನೂ ಒಂದೇ ಬ್ಯಾಂಡಲ್ಲಿ ಇದ್ವಿ."

ನನ್ನ ಒಳಗಿನ ಕಾಲು ಮಂಜುಗಡ್ಡೆಯಾಯಿತು. ಎದ್ದು ಓಡಬೇಕೆನಿಸಿತು. ಓಡುವ ಹಾಗಿರಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಜನ ಹೆದರಿ ದೂರವಿರುತ್ತಾರೆಂದು ನಾನೆಂದುಕೊಂಡಿದ್ದೆ, ಮುಗಿಬಿದ್ದರು. ಹೋದ ಗೆಳೆಯ, ಹೋದ ಅಣ್ಣ, ಹೋದ ಅಪ್ಪ ಪರದೆಯ ಹಿಂದೆ ಕೂತಿರಬಹುದೆಂದರೆ ಯಾರು ಸುಮ್ಮನಿರುತ್ತಾರೆ? ಹೋದವರು ಹೋದ ದಿನದ ವಯಸ್ಸಿನಲ್ಲೇ ಇದ್ದರು. ಅವರ ಪಾಲಿಗೆ ಅದಿನ್ನೂ ಅದೇ ಸಂಜೆ. ಎಲ್ಲರಿಗೂ ಮನೆಗೆ ಹೋಗುವ ಆತುರ, ಎಲ್ಲರಿಗೂ ಇನ್ನೊಂದೇ ಗ್ಲಾಸು. ಅವರ ಜೊತೆ ಕೂತವರಿಗೆ ಸಂತೋಷವೋ ಸಂತೋಷ. ನಾನು ಮಾತ್ರ ಪರದೆ ಅಲ್ಲಾಡಿದಾಗಲೆಲ್ಲ ತಿರುಗಿ ನೋಡುತ್ತಿದ್ದೆ. ಓಬಳೇಶ ಬರಲಿ ಎಂದೂ ಬಾರದಿರಲಿ ಎಂದೂ ಒಟ್ಟೊಟ್ಟಿಗೇ ಬೇಡಿಕೊಳ್ಳುತ್ತಿದ್ದೆ.

ದಿನಾ ಅವರ ಜೊತೆ ಕೂರುತ್ತಿದ್ದ ಬಸಣ್ಣ ಒಂದು ಸಂಜೆ ಮನೆಗೆ ಹೊರಟ. ಮೇಜಿನಿಂದ ಎದ್ದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ನನ್ನ ಕಡೆಗೇ ನಡೆದುಬಂದ. ನಾನು ದಾರಿ ಬಿಡಲು ಮೈ ಓರೆ ಮಾಡಿದೆ. ಅವನು ನನ್ನ ಮುಂದೆ ನಿಂತು ಎರಡೂ ಅಂಗೈ ಮುಂದಕ್ಕೆ ಚಾಚಿದ. ಗೋಡೆ ಸವರುವವನ ಹಾಗೆ ಮೇಲಿನಿಂದ ಕೆಳಗೆ, ಆ ಕಡೆಯಿಂದ ಈ ಕಡೆಗೆ ಗಾಳಿಯನ್ನು ಸವರಿದ. ಅಂಗೈ ಚಪ್ಪಟೆಯಾಗಿ ಬಿಳಿಚಿಕೊಳ್ಳುವುದು ನನಗೆ ಕಾಣುತ್ತಿತ್ತು.

"ಆರೋಗ್ಯಣ್ಣ, ಬಾಗ್ಲು ಎಲ್ಲಿ?"

"ನಿನ್ ಮುಂದೇನೇ ಐತಲ್ಲೋ. ಚಿನ್ನತಾಯಮ್ಮ ಕುಂತವ್ರಲ್ಲ," ಎಂದ ಆರೋಗ್ಯಪ್ಪ.

"ಎಲ್ಲಿ? ಬರೀ ಗೋಡೆ ಅಲ್ವಾ ಇದು?"

ನಾನು ಕೈ ಹಿಡಿದು ಎಳೆದೆ. ಅವನ ಭುಜ ಕಲ್ಲಿಗೆ ಬಡಿದ ಹಾಗೆ ಶಬ್ದವಾಯಿತು. ಹೆಂಡತಿ ಹೊನ್ನಮ್ಮ ಓಡಿ ಬಂದು ಬೀದಿಯಿಂದ ಎಳೆದಳು, ಅತ್ತಳು, ಬೈದಳು. ಅವನಿಗೆ ಅವಳ ದನಿ ಕೇಳಿಸುತ್ತಿತ್ತು, ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಬೇಸರವಾಯಿತು. "ಬತ್ತೀನಿ ಇರೇ, ಇದೊಂದ್ ಗ್ಲಾಸು," ಎಂದು ಹೋಗಿ ಪರದೆಯ ಹಿಂದೆ ಕೂತುಬಿಟ್ಟ.

ಆವತ್ತಿನಿಂದ ಪಡಖಾನೆಗೆ ಬೀಗ ಬೀಳುವುದು ನಿಂತಿತು. ಒಳಗೆ ಬಸಣ್ಣ ಇರುವಾಗ ಹೊಸ್ತಿಲು ಖಾಲಿ ಬಿಡುವುದು ಹೇಗೆ? ಬೇರೆ ಗಿರಾಕಿಗಳು ಬರುವುದು ಕಡಿಮೆಯಾಯಿತು. ಹಗಲು ನಾನು ಕೂತೆ. ಕತ್ತಲಾಗುವಾಗ ಹೊನ್ನಮ್ಮ ಬುತ್ತಿ, ಕಂಬಳಿ ಹಿಡಿದು ಬಂದು ನನ್ನ ಜಾಗಕ್ಕೆ ಕೂರುತ್ತಿದ್ದಳು. ಕೆಲಸ ಗೊತ್ತಿಲ್ಲದ ಹೆಂಗಸು, ಮೊದಮೊದಲು ಒಳಗಿನ ಕಾಲು ನೆಲಕ್ಕೆ ಊರಲೂ ಹೆದರುತ್ತಿದ್ದಳು. ಬೆಳಿಗ್ಗೆ ನಾನು ಬಂದಾಗ ನನ್ನ ಮೊಣಕೈ ಹಿಡಿದು, "ಹಗಲೊತ್ತು ಏಳ್ಬ್ಯಾಡ ಕಣಕ್ಕ, ನಿನ್ ಕಾಲಿಗ್ ಬೀಳ್ತೀನಿ," ಎನ್ನುತ್ತಿದ್ದಳು. ಪ್ರತಿದಿನ ಅದೇ ಮಾತು.

ಆರೋಗ್ಯಪ್ಪನಿಗೆ ನಾನು ಒಂದು ದಿನ ಹೇಳಿದೆ, "ಅಣ್ಣ, ನೀವಾದ್ರೂ ಮನೆಗ್ ಹೋಗಿ. ನಿಮ್ಗಿನ್ನೂ ಬಾಗ್ಲು ಕಾಣ್ತದೆ."

ಅವನು ಗ್ಲಾಸು ಒರೆಸುತ್ತಿದ್ದ. "ಕಾಣ್ತದೆ ತಾಯಿ. ಸ್ವಲ್ಪ ಚಿಕ್ಕದಾಗೈತೆ," ಎಂದ. ತಲೆ ಎತ್ತಲಿಲ್ಲ.

ಅದು ಒಂದು ಭಾನುವಾರ. ಇಗರ್ಜಿಯ ಪೂಜೆ ಮುಗಿದು ಜನ ಮನೆಗೆ ಹೋಗುತ್ತಿದ್ದರು. ಕುಬೇರ ಬಂದ. ನಾನು ಎರಡೂ ಕೈ ಅಡ್ಡ ಚಾಚಿದೆ.

"ಬ್ಯಾಡಪ್ಪ. ಹೆಂಡ್ತಿ ಬಸುರಿ. ಇವತ್ತು ಬ್ಯಾಡ. ಯಾವತ್ತೂ ಬ್ಯಾಡ."

"ಹಿಂದ್ಗಡೆಗೆ ಹೋಗಲ್ಲ ಅತ್ತೆ. ಮುಂದ್ಗಡೇನೇ ಒಂದ್ ಗ್ಲಾಸು ಕುಡ್ದು ಬಂದ್ಬಿಡ್ತೀನಿ. ಶೆಡ್ಡಲ್ಲಿ ಎಲ್ರೂ ನಗ್ತಾರೆ, ಅತ್ತೆ ಸೆರಗು ಹಿಡ್ಕೊಂಡವ್ನೆ ಅಂತ."

ಚಾಚಿದ ಕೈಯ ಮೇಲಿಂದಲೇ ಕಾಲೆತ್ತಿ ದಾಟಿದ. ಅವನು ಮೊದಲ ಮೇಜಿನಲ್ಲಿ ಕೂತ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಪರದೆ ಸರಿಯಿತು. ಬಂದವನು ಬಾಗಿಲಿಗೆ ಬೆನ್ನು ಹಾಕಿ ನಿಂತು ಆರೋಗ್ಯಪ್ಪನ ಹತ್ತಿರ ಉಪ್ಪುಗಡಲೆ ಕೇಳಿದ. ಕಿವಿಯ ಹಿಂದೆ ಬಡಗಿಯ ಸೀಸದ ಕಡ್ಡಿ. ಬೆನ್ನಿನ ಅಂಗಿ ನಾನೇ ತೇಪೆ ಹಾಕಿದ್ದು.

ಕುಬೇರ ಅವನ ಮುಖವನ್ನೇ ದಿಟ್ಟಿಸಿ ನೋಡಿ ಎದ್ದುನಿಂತ. ನಮ್ಮ ಮನೆಯ ಗೋಡೆಯಲ್ಲಿರುವ ಫೋಟೋವನ್ನು ಅವನು ದಿನಾ ನೋಡುವವನು.

"ಅತ್ತೆ! ಮಾವ! ಮಾವ ಬಂದವ್ರೆ!" ಮಗುವಿನ ಹಾಗೆ ನಕ್ಕ. ನಾನು ಬೇಡ ಬೇಡ ಎಂದು ಕೂಗುತ್ತಿದ್ದಂತೆಯೇ ಓಬಳೇಶನ ಹಿಂದೆ ಹೋಗಿ ಪರದೆಯ ಮರೆಯಾದ.

ಕೂಗಿದೆ. ಒಳಗೆ ನಗು, ಗ್ಲಾಸಿನ ಸದ್ದು. ಆರೋಗ್ಯಪ್ಪ ಕರೆದು ಬಂದ, "ಬತ್ತೀನಿ ಅಂತಾನೆ," ಎಂದ. ಬಸಣ್ಣ ಆಡಿದ್ದೂ ಅದೇ ಮಾತು. ಪಕ್ಕದ ಟೈಲರ್ ದಸ್ತಗೀರ್ ಸಾಬರನ್ನು ಕೂಗಿ, ಇಂದ್ರಾಣಿಯನ್ನು ಇದ್ದಹಾಗೇ ಕರೆದುಕೊಂಡು ಬನ್ನಿ ಎಂದೆ. ಅವಳು ಬರುವವರೆಗಿನ ಹೊತ್ತನ್ನು ಹೇಗೆ ಕಳೆದೆನೋ. ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಓಡಿಬಂದಳು, ಹೊಟ್ಟೆ ಹಿಡಿದುಕೊಂಡು.

"ಕೂತ್ಕೊ," ಎಂದೆ. "ಒಳಗಿನ ಕಾಲು ಮೊದ್ಲು ಊರು. ಏನ್ ಕಂಡ್ರೂ ಏಳ್ಬ್ಯಾಡ. ಯಾರ್ ಕರೆದ್ರೂ ಏಳ್ಬ್ಯಾಡ."

ಅವಳು ನನ್ನನ್ನು ಒತ್ತಿಕೊಂಡು ಕೂತಳು. ಅವಳ ಎರಡೂ ಪಾದ ನೆಲ ಮುಟ್ಟಿದ್ದನ್ನು ಕೈಯಿಂದ ಮುಟ್ಟಿ ನೋಡಿಯೇ ನಾನು ಎದ್ದೆ. ಅಷ್ಟು ವರ್ಷ ಕೂತಿದ್ದರೂ ಎರಡು ಕಾಲನ್ನೂ ಒಳಗೆ ಇಟ್ಟವಳಲ್ಲ. ಇಟ್ಟೆ.

ಪರದೆಯ ಹಿಂದೆ ಕ್ರೇಟಿನ ಕೋಣೆ ಇರಲಿಲ್ಲ. ಅಲ್ಲಿ ಒಂದು ಪಡಸಾಲೆ, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಒಂದರ ಗೋಡೆಯಲ್ಲಿ ಹದ್ದು ಕೂತಿತ್ತು. ಒಂದರಲ್ಲಿ ಹಂದಿಮಾಂಸ ಹುರಿಯುವ ಘಮ, ದಪ್ಪ ಹೆಂಗಸೊಬ್ಬಳು ಬಾಣಲೆಯ ಮುಂದೆ. ಎಲ್ಲ ಕಡೆಯೂ ಸಂಜೆಯ ಹಳದಿ ಬೆಳಕು, ಕಿಟಕಿಗಳಿಲ್ಲ. ಎಷ್ಟೊಂದು ಗಂಡಸರು! ಯಾರ ಮುಖದಲ್ಲೂ ದುಃಖವಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಬಸಣ್ಣ ನನ್ನನ್ನು ಕಂಡು ಯಾರೋ ಎಂಬಂತೆ ಮುಖ ತಿರುಗಿಸಿದ. ಅವನ ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು.

ಬಾವಿಯ ಕಟ್ಟೆಯ ಮೇಲೆ ಅವರಿಬ್ಬರೂ ಕೂತಿದ್ದರು, ಮಾವ ಅಳಿಯ. ಅಳಿಯನೇ ವಯಸ್ಸಿನಲ್ಲಿ ದೊಡ್ಡವನ ಹಾಗೆ ಕಾಣುತ್ತಿದ್ದ. ಕುಬೇರನ ಕಣ್ಣು ಆಗಲೇ ಮಂಕಾಗಿತ್ತು.

"ಏಳಪ್ಪ ಕುಬೇರ, ಇಂದ್ರಾಣಿ ಬಾಗ್ಲಲ್ಲಿ ಕುಂತವ್ಳೆ."

"ಯಾವ ಬಾಗ್ಲು?" ಎಂದ.

ಓಬಳೇಶ ನನ್ನನ್ನು ನೋಡಿದ. ಹಿರಿಯರನ್ನು ಕಂಡವನ ಹಾಗೆ ಥಟ್ಟನೆ ಎದ್ದು, ಗ್ಲಾಸನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. "ಯಾರ್ ಬೇಕಾಗಿತ್ತವ್ವ? ಇವ್ರು ನಿಮ್ಮ ಮಗನಾ? ಕರ್ಕೊಂಡು ಹೋಗಿ, ಪಾಪ, ಕುಡಿದವ್ರೆ."

ನನ್ನ ಕೂದಲು ನರೆತಿತ್ತು, ಎರಡು ಹಲ್ಲು ಉದುರಿದ್ದವು. ಅವನ ಮೀಸೆ ಇನ್ನೂ ಪೂರ್ತಿ ದಪ್ಪವಾಗಿರಲಿಲ್ಲ. ನಾನು ಅವನ ಕೈ ಹಿಡಿದೆ. ಮರದ ಹೊಟ್ಟಿನ ವಾಸನೆ ಬಂತು. "ನೀನೂ ಬಾಪ್ಪ, ಮನೆಗ್ ಹೋಗಣ," ಎಂದೆ. ನನ್ನ ಹೆಸರು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವನೇ ಮಾತಾಡಿದ.

"ಹೊರಟೆ ಅವ್ವ. ಮನೇಲಿ ನಮ್ಮವಳು ಕಾಯ್ತಾವ್ಳೆ, ಬೈತಾಳೆ. ಮಗೂಗೆ ಹಲ್ಲು ಬತ್ತಾ ಐತೆ, ರಾತ್ರಿಯೆಲ್ಲ ಅಳ್ತದೆ. ನಾನೇ ಎತ್ಕೊಂಡು ತಿರುಗಾಡಿಸ್ಬೇಕು. ಇದೊಂದ್ ಗ್ಲಾಸು ಮುಗಿಸಿ ಬತ್ತೀನಿ." ಆಮೇಲೆ ನನ್ನ ಮುಖ ನೋಡಿ, "ಯಾಕವ್ವ ಅಳ್ತೀರ?" ಎಂದ.

ಕುಬೇರ ಕಾಲೆಳೆದುಕೊಂಡು ನಡೆಯುತ್ತಿದ್ದ. ಓಬಳೇಶನೇ ಅವನ ಒಂದು ಹೆಗಲಿಗೆ ತೋಳು ಕೊಟ್ಟು ನನಗೆ ನೆರವಾದ. ಮೂವರೂ ಪಡಸಾಲೆಗಳನ್ನು ದಾಟಿ, ಪರದೆ ಸರಿಸಿ ಮುಂದಿನ ಕೋಣೆಗೆ ಬಂದೆವು. ನನಗೂ ಬಾಗಿಲು ಕಾಣದೆ ಹೋದರೆ? ಕಂಡಿತು. ಆದರೆ ಆರೋಗ್ಯಪ್ಪ ಹೇಳಿದ್ದು ಸುಳ್ಳಲ್ಲ, ಚಿಕ್ಕದಾಗಿತ್ತು. ಬಗ್ಗಿ ನುಸುಳಬೇಕಾದಷ್ಟು. ಅದರ ತುಂಬ ನನ್ನ ಮಗಳು ಕೂತಿದ್ದಳು.

"ಕಣ್ಣು ಮುಚ್ಕೊ," ಎಂದೆ ಕುಬೇರನಿಗೆ. "ನನ್ ಸೆರಗು ಹಿಡ್ಕೊ. ತಲೆ ಬಗ್ಸು."

"ಗೋಡೆಗೆ ತಲೆ ಬಡೀತದೆ ಅತ್ತೆ."

"ಬಡೀಲಿ."

ಮೊಣಕಾಲೂರಿ ಇಂದ್ರಾಣಿಯ ಮಡಿಲ ಮೇಲಿಂದ ತೆವಳಿ ಬೀದಿಗೆ ಬಿದ್ದೆ. ಹಿಂದೆ ಕುಬೇರನ ಹಣೆ ಯಾವುದಕ್ಕೋ ಉಜ್ಜಿ ರಕ್ತ ಬಂತು. ಕಿರುಚಿಕೊಂಡ. ಸೆರಗು ಬಿಡಲಿಲ್ಲ. ಹೊರಗೆ ಬಂದ. ಟೈಲರ್ ಸಾಬರು ಅವನ ಕಂಕುಳಿಗೆ ಕೈ ಹಾಕಿ ಪಕ್ಕಕ್ಕೆ ಎಳೆದುಕೊಂಡರು. ನಾನು ತಿರುಗಿ ನೋಡಿದೆ. ಓಬಳೇಶ ಅಲ್ಲೇ ನಿಂತಿದ್ದ, ಎರಡು ಮಾರು ದೂರದಲ್ಲಿ.

"ಎಲ್ಲೋದ್ರಿ ಅವ್ವ? ಬಾಗ್ಲು ಈ ಕಡೆ ಅಲ್ಲ, ಗೋಡೆ ಇದು," ಎಂದು ಗಾಳಿ ಸವರುತ್ತಿದ್ದ.

ಇಂದ್ರಾಣಿ ಅವನನ್ನು ನೋಡಿದಳು. ಹುಟ್ಟಿದಾಗಿನಿಂದ ಫೋಟೋದಲ್ಲಿ ನೋಡಿದ ಮುಖ.

"ಅಪ್ಪಾ," ಎಂದಳು.

ಅವನು ಸುತ್ತ ಹುಡುಕಿದ. ಅವಳು ಕೈ ಚಾಚಿದಳು, ಎಟುಕಲಿಲ್ಲ. ಇನ್ನಷ್ಟು ಚಾಚಿದಳು. ಅವಳ ಹೊರಗಿನ ಕಾಲಿನ ಹಿಮ್ಮಡಿ ಎದ್ದಿತು, ಆಮೇಲೆ ಬೆರಳುಗಳೂ. ಅವಳು ಒಳಕ್ಕೆ ಜಾರುತ್ತಿದ್ದಳು. ಯೋಚಿಸುವುದಕ್ಕೆ ಏನಿತ್ತು? ಹಿಂದಿನಿಂದ ಸೊಂಟಕ್ಕೆ ಕೈ ಹಾಕಿ, ಹೊಟ್ಟೆಯೊಳಗಿನ ಕೂಸಿನ ಸಮೇತ ಅವಳನ್ನು ಬೀದಿಗೆ ಎಳೆದುಕೊಂಡೆ. ಇಬ್ಬರೂ ಮಣ್ಣಿಗೆ ಬಿದ್ದೆವು.

ಗುಡುಗಿಲ್ಲ, ಧೂಳಿಲ್ಲ. ತಲೆ ಎತ್ತಿದಾಗ ಟೈಲರ್ ಅಂಗಡಿಯ ಗೋಡೆಗೆ ಸೈಕಲ್ ಶಾಪಿನ ಗೋಡೆ ಅಂಟಿಕೊಂಡಿತ್ತು. ನನ್ನ ಸೆರಗಿನ ತುದಿ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿತ್ತು. ಎಳೆದರೆ ಬರಲಿಲ್ಲ. ದಸ್ತಗೀರ್ ಸಾಬರು ಕತ್ತರಿ ತಂದು ಬಟ್ಟೆ ಕತ್ತರಿಸಿ ನನ್ನನ್ನು ಬಿಡಿಸಿದರು. ಕತ್ತರಿ ತಾಗಿ ನನ್ನ ತೋಳಿಗೂ ಗಾಯವಾಯಿತು.

ಯಾರೂ ಮನೆಗೆ ಹೋಗಲಿಲ್ಲ. ಬಸಣ್ಣ, ಆರೋಗ್ಯಪ್ಪ ಒಳಗೇ ಉಳಿದಿದ್ದರು, ನಾನಂತೂ ಹೋಗುವ ಹಾಗಿರಲಿಲ್ಲ. ಕತ್ತಲಾಗುವಾಗ ಹೊನ್ನಮ್ಮ ಬಂದಳು, ಕಂಕುಳಲ್ಲಿ ಕಂಬಳಿ, ಕೈಯಲ್ಲಿ ಬುತ್ತಿ. ಬೀದಿಯ ತಿರುವಿನಿಂದಲೇ ನಾನು ನಿಂತಿರುವುದನ್ನು ನೋಡಿದಳು. ನಾನು ನಿಂತಿದ್ದೇನೆ ಎಂಬುದೇ ಅವಳಿಗೆ ಎಲ್ಲ ಹೇಳಿತು. ಕಂಬಳಿ ಜಾರಿಬಿತ್ತು. ಅಳಲಿಲ್ಲ, ಬೈಯಲಿಲ್ಲ. ಗೋಡೆಯ ಹತ್ತಿರ ಹೋಗಿ, ಹೊಸ್ತಿಲು ಇರಬೇಕಾಗಿದ್ದ ಜಾಗದಲ್ಲಿ ಬುತ್ತಿ ಇಟ್ಟು, ಅದರ ಪಕ್ಕ ಕೂತಳು. ನಾನು ಹತ್ತಿರ ಹೋದರೆ ಮುಖ ಗೋಡೆಗೆ ತಿರುಗಿಸಿಕೊಂಡಳು.

ಆರೋಗ್ಯಪ್ಪನಿಗಾಗಿ ಇಗರ್ಜಿಯಲ್ಲಿ ಪ್ರಾರ್ಥನೆ ಮಾಡಿಸಿದರು. ಸತ್ತವರ ಪ್ರಾರ್ಥನೆಯೋ ಬದುಕಿದವರದೋ ಎಂದು ಪಾದ್ರಿಗಳಿಗೇ ತೋಚದೆ ಎರಡನ್ನೂ ಓದಿದರು. ಕುಬೇರ ಅನೇಕ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಯ ಬಾಗಿಲು ಮುಚ್ಚಿದರೆ ಕೂಗಿಕೊಳ್ಳುತ್ತಿದ್ದ. ಇಂದ್ರಾಣಿ ಒಂದು ದಿನ ಅಕ್ಕಿ ಆರಿಸುತ್ತ, ತಲೆ ತಗ್ಗಿಸಿಕೊಂಡೇ ಕೇಳಿದಳು, "ಅವ್ವ, ಅಪ್ಪ ನನ್ ವಿಷ್ಯ ಏನಾದ್ರೂ ಕೇಳಿದ್ರಾ?"

"ನಿಂಗೆ ಹಲ್ಲು ಬತ್ತಾ ಐತಂತೆ," ಎಂದೆ. "ರಾತ್ರಿಯೆಲ್ಲ ಎತ್ಕೊಂಡು ತಿರುಗಾಡಿಸ್ಬೇಕಂತೆ. ಬೇಗ ಬತ್ತೀನಿ ಅಂದ್ರು."

ಅವಳು ಮೊರದಲ್ಲಿ ಕೈ ಆಡಿಸುತ್ತಲೇ ಇದ್ದಳು. ಅಕ್ಕಿಯಲ್ಲಿ ಕಲ್ಲು ಇರಲಿಲ್ಲ. ಬಹಳ ಹೊತ್ತು ಆರಿಸಿದಳು.

ಊರಿನಲ್ಲಿ ಪಡಖಾನೆ ಇಲ್ಲ ಎಂದಾದ ಮೇಲೆ ನನಗೆ ನಿದ್ದೆ ಬರಬೇಕಾಗಿತ್ತು. ಬಂತು ಕೂಡ, ಸ್ವಲ್ಪ ಕಾಲ. ಮೊಮ್ಮಗ ಹುಟ್ಟಿದ. ಕುಬೇರ ಕೆಲಸಕ್ಕೆ ಹೋಗತೊಡಗಿದ. ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಹೊನ್ನಮ್ಮ ನಮ್ಮ ಮನೆಯ ಮುಂದೆ ಬಂದು ನಿಂತಳು. ಆ ಭಾನುವಾರದಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಬಸ್ ಸ್ಟ್ಯಾಂಡ್ ಹತ್ರ ಹೊಸದೊಂದು ತೆಗೆದವ್ರೆ," ಎಂದಳು. "ಯಾರ್ ಕೂರ್ತಾರೆ ಅಂತ ಕೇಳ್ದೆ. ಯಾರೂ ಇಲ್ವಂತೆ. ಬಾ, ನೋಡಣ."

ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೋದೆ. ಬೇರೆ ಊರಿನ ಯಾರೋ ಕಟ್ಟಿಸಿದ್ದು, ಮೂರಂತಸ್ತು, ಬಣ್ಣಬಣ್ಣದ ದೀಪ. ಮುಂದೆ ಎತ್ತರದ ಗಾಜಿನ ಬಾಗಿಲು. ಹತ್ತಿರ ಹೋದರೆ ಎರಡು ಪಾಲಾಗಿ ತಾನೇ ಸರಿಯುತ್ತಿತ್ತು, ದಾಟಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಶೆಡ್ಡಿನ ಹುಡುಗರು, ಬಸ್ಸಿನ ಕಂಡಕ್ಟರುಗಳು, ಕಾಲೇಜಿನವರು ನಗುತ್ತ ಒಳಗೆ ಹೋಗುತ್ತಿದ್ದರು. ಫಳಫಳ ಹೊಳೆಯುವ ಟೈಲ್ಸು ಹೊರಗಿನ ಜಗಲಿಯಿಂದ ಒಳಗಿನ ಕೌಂಟರಿನವರೆಗೂ ಒಂದೇ ಸಮ. ಎಲ್ಲೂ ಒಂದು ಏರಿಲ್ಲ, ಒಂದು ಗೆರೆಯಿಲ್ಲ. ಹೊನ್ನಮ್ಮ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ನೆಲ ತಡವಿದಳು, ಈ ಕಡೆ, ಆ ಕಡೆ.

"ಹೊಸ್ತಿಲೇ ಇಲ್ವಲ್ಲಕ್ಕ," ಎಂದಳು. "ಎಲ್ಲಿ ಕೂರೋದು?"

ಸಮವಸ್ತ್ರದ ಕಾವಲುಗಾರ ಬಂದ. ಎಳೆಯ ಪ್ರಾಯದವನು, ಒರಟನಲ್ಲ. "ಅಮ್ಮಾ, ಒಳಗ್ ಬರೋದಾದ್ರೆ ಬನ್ನಿ, ಹೊರಗ್ ಹೋಗೋದಾದ್ರೆ ಹೋಗಿ. ಮಧ್ಯ ನಿಲ್ಬೇಡಿ, ಬಾಗ್ಲು ಕೆಟ್ಟೋಗತ್ತೆ."

ಒಳಗೆ ಯಾರೋ ಜೋರಾಗಿ ನಕ್ಕರು. ಗಾಜಿನಾಚೆ ಕೌಂಟರಿನ ಹಿಂದೆ ಒಂದು ಪರದೆ ಇತ್ತು, ಅದು ಅಲ್ಲಾಡಿತೋ ಇಲ್ಲವೋ ತಿಳಿಯಲಿಲ್ಲ. ಹೊನ್ನಮ್ಮ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಳು. ನನ್ನ ಮುಖ ನೋಡಿ ಬಲಗೈ ಚಾಚಿದಳು. ನಾನು ಹಿಡಿದುಕೊಂಡೆ. ಅವಳು ಒಳಕ್ಕೆ ಒಂದು ಹೆಜ್ಜೆ ಇಟ್ಟಳು, ನಾನು ಹೊರಗೇ ನಿಂತೆ. ಗಾಜಿನ ಬಾಗಿಲು ಎರಡೂ ಕಡೆಯಿಂದ ಸರಿದು ಬಂದು ನಮ್ಮ ಮಣಿಕಟ್ಟಿಗೆ ಬಡಿಯಿತು, ಹಿಂದೆ ಸರಿಯಿತು, ಮತ್ತೆ ಬಂದು ಬಡಿಯಿತು. ಕಾವಲುಗಾರ ಏನೋ ಹೇಳುತ್ತಿದ್ದ. ನಾವಿಬ್ಬರೂ ಕೈ ಬಿಡಲಿಲ್ಲ.